ಬಿಸಿಲುಗಾಲದಲ್ಲಿ ಜಿಗಣೆ ಎಲ್ಲಿಯದು?

ಕಾಫಿ ತೋಟದಲ್ಲಿ ಮಳೆಗಾಲ ಕಳೆದವರಿಗೆ ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ ಗಾಬರಿಯಾಗುವುದಿಲ್ಲ. ಜಿಗಣೆ ಕಚ್ಚಿತು, ಹೊಟ್ಟೆ ತುಂಬ ಕುಡಿಯಿತು, ಉದುರಿತು, ಅಷ್ಟೇ. ಕೊಡಗಿನ ಮೂರ್ನಾಡಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಪುಟ್ಟರಾಜುವಿನ ಹೆಂಡತಿ ಚಲುವಮ್ಮನಿಗೂ ಅಷ್ಟೇ. ಹಾಸನದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಜಿಗಣೆ ಕಂಡರೂ ಲೈನಿನ ಸಾಲುಮನೆಯವರೆಲ್ಲ ಓಡಿ ಬರುವಂತೆ ಕಿರುಚುತ್ತಿದ್ದಳು. ಇಪ್ಪತ್ತೈದು ವರ್ಷದಲ್ಲಿ ಪಳಗಿದ್ದಳು. ಕಲೆ ಕಂಡರೆ ಉಪ್ಪುನೀರಿನಲ್ಲಿ ನೆನೆಸುವುದು, ತಿಕ್ಕುವುದು, ಒಗೆದು ಹರವುವುದು.

ಆ ವರ್ಷ ಜುಲೈ ಮಳೆಯಲ್ಲಿ ಗಂಡನ ಚಡ್ಡಿಯ ಹಿಂಭಾಗದಲ್ಲಿ ಕಲೆ ಕಂಡಾಗ ಒಮ್ಮೆ ಕೇಳಿದ್ದಳು.

“ಏನ್ರೀ, ಇಲ್ಲೂ ಕಚ್ತಾ ಜಿಗಣೆ?”

“ಅದಕ್ಕೇನು ಗೊತ್ತಾಯ್ತದೆ ಕಣೇ, ಇದು ಕಾಲು, ಇದು ಕುಂಡೆ ಅಂತ? ಸಿಕ್ಕಿದ ಕಡೆ ಕಚ್ತದೆ.”

ಇಬ್ಬರೂ ನಕ್ಕಿದ್ದರು. ಆ ನಗುವನ್ನು ನೆನೆದರೆ ಚಲುವಮ್ಮನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಮಳೆ ನಿಂತಿತು. ಚಳಿ ಬಂತು. ಜನವರಿ ಕೊನೆಗೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಯಿತು. ತೋಟದ ಮಣ್ಣು ಒಣಗಿ, ನಡೆದರೆ ಧೂಳೇಳುತ್ತಿತ್ತು. ಒಂದು ಭಾನುವಾರ ಒಗೆಯುವ ಕಲ್ಲಿನ ಮುಂದೆ ಕೂತ ಚಲುವಮ್ಮ ಗಂಡನ ಚಡ್ಡಿ ಕೊಡವಿದಳು. ಅದೇ ಜಾಗ, ಅದೇ ಕಲೆ. ಜೊತೆಗೆ ಲೋಳೆಯಂಥದ್ದೇನೋ ಅಂಟಿತ್ತು. ಎಂದಿನಂತೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿದವಳ ಕೈ ಅಲ್ಲಿಯೇ ನಿಂತಿತು.

ಬಿಸಿಲುಗಾಲದಲ್ಲಿ ಜಿಗಣೆ ಎಲ್ಲಿಯದು?

ಒಂದೊಂದೇ ನೆನಪಾಗತೊಡಗಿತು. ಬೆಳಿಗ್ಗೆ ನಾಲ್ಕು ಸಲ ಕಕ್ಕಸಿಗೆ ಹೋಗಿ ಬಂದು “ಇನ್ನೂ ಪೂರ್ತಿ ಆಗ್ಲಿಲ್ಲ” ಎನ್ನುವುದು. ನಾಲ್ಕು ದಿನ ಭೇದಿ, ನಾಲ್ಕು ದಿನ ಮಲಬದ್ಧತೆ. ಬೆಲ್ಟಿಗೆ ಎರಡು ಹೊಸ ತೂತು. ಇದೆಲ್ಲ ಕಣ್ಣೆದುರೇ ನಡೆದಿತ್ತಲ್ಲ, ನಾನೇನು ಕುರುಡಿಯಾಗಿದ್ದೆನೇ ಎಂದು ತನಗೆ ತಾನೇ ಬೈದುಕೊಂಡಳು.

ಚಡ್ಡಿಯನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಬಂದಳು.

“ಇದು ಯಾವ ಜಿಗಣೆ, ಹೇಳಿ.”

ಪುಟ್ಟರಾಜು ತಲೆ ತಗ್ಗಿಸಿದ. “ಪೈಲ್ಸ್ ಕಣೇ. ದಿನವೆಲ್ಲ ಜೀಪಲ್ಲಿ ಕೂತ್ರೆ ಆಯ್ತದೆ. ಸಂತೇಲಿ ಪುಡಿ ತಗೊಂಡಿದೀನಿ, ನುಂಗ್ತಾ ಇದೀನಿ.”

“ಯಾವಾಗಿಂದ?”

“ಮಳೆಗಾಲದಿಂದ.”

“ಗೊತ್ತಿದ್ದೂ ಜಿಗಣೆ ಅಂದ್ರಾ ನಂಗೆ?”

“ನಾಚಿಕೆ ಆಯ್ತು ಕಣೇ.”

ಚಲುವಮ್ಮ ಸೀದಾ ಹೋಗಿ ಆಶಾ ಕಾರ್ಯಕರ್ತೆ ಬೊಳ್ಳಮ್ಮನನ್ನು ಕರೆತಂದಳು. ಬೊಳ್ಳಮ್ಮ ಲೈನಿನ ಮನೆ ಮನೆಯ ಬಿಪಿ, ಶುಗರ್ ಬಲ್ಲವಳು. ಅವಳನ್ನು ಕಂಡದ್ದೇ ಪುಟ್ಟರಾಜು ಹಿತ್ತಲ ಬಾಗಿಲಿಗೆ ಜಾರಿದ.

“ಓಡಬೇಡಿ ಪುಟ್ಟರಾಜಣ್ಣ. ನಾಚಿಕೆ ನಿಮಗಿದೆ, ನಿಮ್ಮ ಕರುಳಿಗೆ ಇಲ್ಲ. ಅದು ಏಳು ತಿಂಗಳಿಂದ ಕೂಗ್ತಾ ಉಂಟು.”

“ಪೈಲ್ಸ್‌ಗೆಲ್ಲ ಆಸ್ಪತ್ರೆಗೆ ಹೋಗ್ತಾರಾ ಬೊಳ್ಳಮ್ಮ?”

“ಪೈಲ್ಸ್ ಅಂತ ನೋಡಿದವರು ಯಾರು? ನೀವಾ, ಪುಡಿ ಮಾರಿದವನಾ?”

ಬೊಳ್ಳಮ್ಮ ಅಂಗಳದಲ್ಲಿ ಒಣಗುತ್ತಿದ್ದ ಕಾಫಿಯತ್ತ ಕೈ ತೋರಿದಳು.

“ನೋಡಿ, ತಿಂದ ಅನ್ನ ಮೊದಲು ಸಣ್ಣ ಕರುಳಿಗೆ ಹೋಗ್ತದೆ. ಹೆಸರಿಗೆ ಸಣ್ಣದು, ಉದ್ದ ಇಪ್ಪತ್ತು ಅಡಿ. ಊಟದ ಸಾರವನ್ನೆಲ್ಲ ರಕ್ತಕ್ಕೆ ಸೇರಿಸೋದು ಅದೇ. ಜಂತುಹುಳ ಕೂತ್ರೆ ಆ ಸಾರ ಹುಳದ ಪಾಲು. ಉಳಿದದ್ದು ದೊಡ್ಡ ಕರುಳಿಗೆ, ಅದು ಐದು ಅಡಿ. ಅದು ನಿಮ್ಮ ಕಣದ ಹಾಗೆ, ನೀರು ಹೀರಿ ಒಣಗಿಸ್ತದೆ. ಬೇಗ ಮುಂದೆ ತಳ್ಳಿದ್ರೆ ಭೇದಿ. ಹೆಚ್ಚು ಹೊತ್ತು ಇಟ್ಕೊಂಡ್ರೆ ಮಲಬದ್ಧತೆ.”

“ಮತ್ತೆ ರಕ್ತ?” ಚಲುವಮ್ಮ ಕೇಳಿದಳು.

“ಪೈಲ್ಸ್ ಇರಬಹುದು, ಆಮಶಂಕೆ ಇರಬಹುದು, ಕರುಳಿನ ಹುಣ್ಣೋ ಗಂಟೋ ಇರಬಹುದು. ಹೆಚ್ಚಿನವರಿಗೆ ಸಣ್ಣ ಕಾರಣವೇ. ಆದರೆ ಹೊರಗಿಂದ ನೋಡಿ ಹೇಳಲಿಕ್ಕೆ ನನಗೂ ಆಗಲ್ಲ, ಡಾಕ್ಟ್ರಿಗೂ ಆಗಲ್ಲ. ಒಳಗೆ ನೋಡಲೇಬೇಕು.”

“ಪಿಕ್ಕಿಂಗ್ ಮುಗೀಲಿ, ನೋಡಣ,” ಎಂದ ಪುಟ್ಟರಾಜು.

“ಪಿಕ್ಕಿಂಗ್ ಮುಂದಿನ ವರ್ಷಾನೂ ಬತ್ತದೆ,” ಎಂದಳು ಚಲುವಮ್ಮ. “ನೋಡಕ್ಕೆ ನೀವಿರ್ಬೇಕಲ್ಲ.” ಮಾರನೆಯ ದಿನವೇ ಇಬ್ಬರೂ ಹೊರಟರು.

ಮಡಿಕೇರಿಯ ಆಸ್ಪತ್ರೆಯಲ್ಲಿ ನೋಡಿದವರು ಮೈಸೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ತುದಿಗೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಹಿಂದಿನಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ಪೂರ್ತಿ ನೋಡಿದರು. ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ನಯವಾದ ಗುಲಾಬಿ ಗೋಡೆಯ ಮೇಲೆ ಒರಟಾದ ಗೆಡ್ಡೆ. ಮುಟ್ಟಿದರೆ ರಕ್ತ. ಅದರದೊಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಒಂದು ವಾರದ ಮೇಲೆ ಬಂದ ವರದಿಯಲ್ಲಿ ಕ್ಯಾನ್ಸರ್ ಎಂದಿತ್ತು.

“ಹಲವು ವರ್ಷದ ಹಿಂದೆ ಕಾಳುಮೆಣಸಿನಷ್ಟು ಗಂಟಾಗಿ ಶುರುವಾಗಿರುತ್ತೆ,” ಎಂದರು ಡಾಕ್ಟರು. “ಸ್ಕ್ಯಾನಿನಲ್ಲಿ ನೋಡಿದ್ವಿ, ಬೇರೆ ಕಡೆ ಹರಡಿಲ್ಲ, ಅದು ನಿಮ್ಮ ಅದೃಷ್ಟ. ಆಪರೇಷನ್ ಮಾಡೋಣ. ರಕ್ತ ಎಷ್ಟು ದಿನದಿಂದ ಹೋಗ್ತಿತ್ತು?”

ಉತ್ತರ ಕೊಟ್ಟವಳು ಚಲುವಮ್ಮ.

“ಏಳು ತಿಂಗಳು ಸಾರ್. ನಾನೇ ಒಗ್ದಿದೀನಿ.”

ಅಷ್ಟು ಹೇಳಿ ತನ್ನ ಎರಡು ಕೈ ನೋಡಿಕೊಂಡಳು. ಒಂದೊಂದು ವಾರವೂ ರೋಗ ತಾನಾಗಿ ಬಂದು ಈ ಕೈಗೆ ಸಿಕ್ಕಿತ್ತು. ಒಂದೊಂದು ವಾರವೂ ಈ ಕೈಯೇ ಅದನ್ನು ಉಪ್ಪು ಹಾಕಿ ತೊಳೆದು ಚೊಕ್ಕ ಮಾಡಿತ್ತು. ಅವಳು ಆ ಕುರ್ಚಿಯಲ್ಲಿಯೇ ಗೊಳೋ ಎಂದು ಅತ್ತಳು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಔಷಧಿಯೂ ಆಯಿತು. ಒಂದು ಮಳೆಗಾಲ ಪುಟ್ಟರಾಜು ತೋಟಕ್ಕೆ ಇಳಿಯಲಿಲ್ಲ, ಕಿಟಕಿಯಲ್ಲಿ ಕೂತು ಮಳೆ ನೋಡಿದ. ಅದರ ಮುಂದಿನ ಮಳೆಗೆ ಇಳಿದ. ಮೊದಲ ದಿನವೇ ಮಧ್ಯಾಹ್ನ ಮನೆಗೆ ಬಂದು ಬಾಗಿಲಲ್ಲಿ ನಿಂತು ಕೂಗಿದ.

“ಚಲುವಿ, ಬಾ ಇಲ್ಲಿ. ಪ್ಯಾಂಟೆಲ್ಲ ರಕ್ತ. ಇದು ಜಿಗಣೇನೇ ಕಣೇ, ಆಣೆಗೂ!”

ಅವಳು ನಂಬಲಿಲ್ಲ. ಪ್ಯಾಂಟು ಮಡಚಿಸಿ, ಮೀನಖಂಡದ ಮೇಲೆ ಕಚ್ಚಿದ ಗುರುತು ಕಣ್ಣಿಗೆ ಬೀಳುವ ತನಕ ಹುಡುಕಿದಳು. ಕಂಡ ಮೇಲೆ ಅಲ್ಲಿಯೇ ಮೆಟ್ಟಿಲ ಮೇಲೆ ಕೂತಳು.

ಇದನ್ನು ಓದುತ್ತಿರುವ ಅಕ್ಕಾ, ಕೇಳುತ್ತಿರುವ ಅಣ್ಣಾ, ನಿಮಗೊಂದು ಮಾತು. ಮಲದಲ್ಲಿ ರಕ್ತ ಕಂಡರೆ, ಕಕ್ಕಸಿನ ರೂಢಿ ಮೂರು ವಾರಕ್ಕೂ ಹೆಚ್ಚು ಕೆಟ್ಟರೆ, ಕಾರಣವಿಲ್ಲದೆ ತೂಕ ಇಳಿದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಪೈಲ್ಸ್ ಎಂದು ನೀವೇ ಹೆಸರಿಡಬೇಡಿ, ಸಂತೆಯ ಪುಡಿ ನುಂಗಬೇಡಿ. ಸೊಪ್ಪು, ತರಕಾರಿ, ರಾಗಿ ತಿನ್ನಿ, ಕಾಯಿಸಿ ಆರಿಸಿದ ನೀರು ಕುಡಿಯಿರಿ. ಗಂಡಸರೇ, ನಾಚಿಕೆ ಪಟ್ಟು ಸುಳ್ಳು ಹೇಳಬೇಡಿ. ಬಟ್ಟೆ ಒಗೆಯುವ ಕೈ ಯಾರದ್ದೇ ಇರಲಿ, ಮುಂದಿನ ಸಲ ಕಲೆ ಕಂಡಾಗ ಉಪ್ಪಿನ ಡಬ್ಬಕ್ಕೆ ಕೈ ಹಾಕುವ ಮೊದಲು ಕೇಳಿ: ಇದು ಎಲ್ಲಿಯ ರಕ್ತ?