ಮಿಷನ್ನಮ್ಮ ಸಾಕು ಅಂದದ್ದು

ಊರು ಖಾಲಿಯಾದ ಮೇಲೂ ದ್ರಾಕ್ಷಾಯಣಿಯ ಹಿಟ್ಟಿನ ಮಿಷನ್ನು ಹಳೆಯ ಜಾಗದಲ್ಲೇ ಉಳಿದಿತ್ತು.

ಬೇಲೂರಿನ ಆಚೆ ಹೊಳೆ ದಂಡೆಯಲ್ಲಿದ್ದ ಕಡ್ಲೇಗುಂಡಿ ಎಂಬ ಆ ಊರು ಅಣೆಕಟ್ಟಿನ ನೀರಿಗೆ ಹೋಗುತ್ತದೆ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದರು. ಕೇಳಿ ಕೇಳಿ ಯಾರೂ ನಂಬದಂತಾಗಿದ್ದ ಹೊತ್ತಿಗೆ, ೨೦೦೧ರ ಬೇಸಿಗೆಯಲ್ಲಿ, ನಿಜವಾಗಿಯೇ ಟ್ರ್ಯಾಕ್ಟರುಗಳು ಬಂದು ನಿಂತವು. ಜನ ತಮ್ಮ ಮನೆಯ ಹೆಂಚು, ತೊಲೆ, ಬಾಗಿಲು ಕಿತ್ತು ಹೇರಿಕೊಂಡು ದಿಬ್ಬದ ಮೇಲಿನ ಹೊಸ ಕಾಲೋನಿ ಸೇರಿದರು. ಅಲ್ಲಿ ಮನೆಗಳಿಗೆ ಬಲ್ಬು ಉರಿಯುವಷ್ಟು ಕರೆಂಟು ಕೊಟ್ಟಿದ್ದರು. ಮಿಷನ್ನಿಗೆ ಬೇಕಾದ ತ್ರೀ ಫೇಸ್ ಲೈನು ಇನ್ನೂ ಬಂದಿರಲಿಲ್ಲ. ಹಾಗಾಗಿ ದ್ರಾಕ್ಷಾಯಣಿಯ ಹಳೆ ಮನೆಯಲ್ಲಿ ಮಿಷನ್ನಿದ್ದ ಮುಂದಿನ ಕೋಣೆಗೆ ಮಾತ್ರ ಹೆಂಚು ಉಳಿಯಿತು. ಉಳಿದ ಮನೆಯೆಲ್ಲ ಮೋಟುಗೋಡೆಯಾಗಿ ನಿಂತಿತ್ತು.

ಬುಧವಾರ ಮತ್ತು ಶನಿವಾರ ಅವಳು ದಿಬ್ಬ ಇಳಿದು ಬರುತ್ತಿದ್ದಳು. ಕಾಲೋನಿಯ ಹೆಂಗಸರು ರಾಗಿಯ ಕುಕ್ಕೆ ಹೊತ್ತು ಹಿಂದೆಯೇ ಬರುವರು. ಮನುಷ್ಯರಿಲ್ಲದ ದಾರಿ, ಒಬ್ಬೊಬ್ಬರೇ ಬರಲು ಹೆದರಿಕೆ. ಮೇಲಿನ ಬೀದಿಯವರು, ಕೇರಿಯವರು ಎನ್ನದೆ ಒಂದೇ ಗುಂಪಾಗಿ ಇಳಿಯುತ್ತಿದ್ದರು. ದಾರಿಯುದ್ದಕ್ಕೂ ಮಾತು, ನಗು. ದ್ರಾಕ್ಷಾಯಣಿಗೆ ಮಾತ್ರ ನಗು ಬರುತ್ತಿರಲಿಲ್ಲ. ಬಂದವಳೇ ಸೆರಗು ಸಿಕ್ಕಿಸಿ, ಸಡಿಲಾದ ಬೆಲ್ಟು ಬಿಗಿದು, ಸ್ವಿಚ್ಚು ಒತ್ತಿದರೆ ಸಂಜೆಯವರೆಗೂ ಕೂರುವಂತಿರಲಿಲ್ಲ. ಗಿರಣಿಯ ಬಾಯಿಗೆ ರಾಗಿ ಸುರಿಯಬೇಕು, ಬಿಸಿ ಹಿಟ್ಟನ್ನು ಬೆರಳಲ್ಲಿ ಹಿಡಿದು ನೋಡಬೇಕು, ತರಿಯಾದರೆ ತಿರುಪು ತಿರುಗಿಸಿ ಕಲ್ಲು ಇಳಿಸಬೇಕು, ಕಾದರೆ ಏರಿಸಬೇಕು. ಮತ್ತೆ ದಿಬ್ಬ ಹತ್ತಿ ಮನೆ ಸೇರುವಾಗ ರೆಪ್ಪೆಯ ಮೇಲೂ ಹಿಟ್ಟು. ನೋಡಿದವರಿಗೆ ಒಂದೇ ದಿನದಲ್ಲಿ ತಲೆ ನರೆತವಳಂತೆ ಕಾಣುವಳು.

ಮಿಷನ್ನು ಹಾಕಿಸಿದ್ದು ಅವಳ ಮಾವ. ಅವರ ನಂತರ ಗಂಡ ಮರುಳಪ್ಪ ನಡೆಸಿದ. ಹಿಟ್ಟಿನ ದೂಳು ಎದೆಗಿಳಿದು ಅವನಿಗೆ ಉಬ್ಬಸ ಹಿಡಿದ ಮೇಲೆ ಇವಳ ಕೈಗೆ ಬಂತು. "ಒಂದೆರಡು ತಿಂಗಳು ನೋಡ್ಕೊ" ಅಂದಿದ್ದ. ಆ ಎರಡು ತಿಂಗಳು ಮುಗಿಯಲೇ ಇಲ್ಲ. ಮಗಳನ್ನು ಹಾಸನಕ್ಕೆ ಕೊಟ್ಟದ್ದೂ ಆಯಿತು, ಮೊಮ್ಮಗು ಬಂದದ್ದೂ ಆಯಿತು. ಊರವರ ಬಾಯಲ್ಲಿ ಅವಳ ಹೆಸರೂ ಹೋಗಿ ಮಿಷನ್ನಮ್ಮ ಎಂದೇ ಉಳಿಯಿತು.

"ಸಾಕು ಬಿಡೇ ದ್ರಾಕ್ಷಿ," ಮರುಳಪ್ಪ ಹೊಸ ಮನೆಯ ಜಗಲಿಯಲ್ಲಿ ಕುಳಿತು ಏದುಸಿರಿನ ನಡುವೆ ಹೇಳುವನು. "ನಂಗಾದಂಗೆ ನಿಂಗೂ ಆಯ್ತದೆ."

"ಬಿಟ್ರೆ ಅವ್ರೆಲ್ಲ ಮುದ್ದೆಗೇನ್ ಮಾಡ್ತಾರ್ರೀ?"

"ಏನೋ ಮಾಡ್ಕೊತಾರೆ."

ಅದೂ ನಿಜವೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಬುಧವಾರ ಬೆಳಿಗ್ಗೆ ಯಾರಾದರೂ ಬಾಗಿಲಲ್ಲಿ ನಿಂತು "ಮಿಷನ್ನಮ್ಮ, ಇವತ್ತು ಹೋಗದೈತಾ?" ಎಂದರೆ ಬಾಯಿಗೆ "ಹೂಂ" ಎಂಬುದೊಂದೇ ಬರುತ್ತಿತ್ತು. ಇಲ್ಲ ಎನ್ನುವುದು ಅವಳಿಗೆ ರೂಢಿಯಿರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಶನಿವಾರ ಲೈನ್‌ಮನ್ ಮಧುಕುಮಾರ್ ಸೈಕಲ್ಲು ತಳ್ಳಿಕೊಂಡು ಬಂದ.

"ಅಕ್ಕ, ಬರೋ ವಾರ ಕಂಬ ಕೀಳ್ತೀವಿ. ಕೆಳಗಿನ ಬೀದಿಗೆ ನೀರು ಬಂದೈತೆ, ನೋಡಿದ್ರಲ್ಲ. ಇನ್ನು ನನ್ ಕೈಲಿಲ್ಲ."

ದ್ರಾಕ್ಷಾಯಣಿ ಮಿಷನ್ನಿನ ಸದ್ದಿನಲ್ಲಿ ಕೇಳಿಸದವಳಂತೆ ಇನ್ನೊಮ್ಮೆ ಹೇಳಿಸಿದಳು. ಎರಡನೆಯ ಸಲ ಕೇಳಿದಾಗ ಅವಳಿಗಾದದ್ದು ದುಃಖವಲ್ಲ. ಹೊತ್ತ ಕುಕ್ಕೆಯನ್ನು ಯಾರೋ ಕೈಕೊಟ್ಟು ಇಳಿಸಿದಂತಾಯಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಬುಧವಾರ ಇಡೀ ಕಾಲೋನಿಯೇ ಇಳಿದು ಬಂತು. ಯಾರ ಹತ್ತಿರವೂ ಕುಕ್ಕೆಯಿರಲಿಲ್ಲ, ಎಲ್ಲ ಮೂಟೆಗಳೇ. ಬೀಸುತ್ತ ಬೀಸುತ್ತ ಕಲ್ಲು ಕಾದು ಹಿಟ್ಟು ಸೀದ ವಾಸನೆ ಬರತೊಡಗಿತು. ನಿಲ್ಲಿಸಿ, ಆರಿಸಿ, ಮತ್ತೆ ಹಾಕಿದಳು. ಕೇರಿಯ ಮುದ್ದಮ್ಮ ಒಂದು ಚೊಂಬು ಮಜ್ಜಿಗೆ ತಂದಿದ್ದಳು.

"ಕುಡೀ ಅವ್ವ. ಮುಖ ಬಾಡೋಗೈತೆ," ಅಂದಳು.

ಕೊಟ್ಟಿದ್ದನ್ನು ದ್ರಾಕ್ಷಾಯಣಿ ನಿಂತೇ ಕುಡಿದು ಚೊಂಬು ಹಿಂದಕ್ಕೆ ಕೊಟ್ಟಳು. ಓರಗಿತ್ತಿ ಸುವರ್ಣಮ್ಮ ಅದನ್ನು ನೋಡಿದಳು.

ಬೆಳಕು ಇಳಿಯುವ ಮುಂಚೆ ಕೊನೆಯ ಮೂಟೆ ಮುಗಿಯಿತು. ಸ್ವಿಚ್ಚು ಆರಿಸಿದಾಗ ಬೆಲ್ಟು ಸ್ವಲ್ಪ ಹೊತ್ತು ತಾನೇ ತಿರುಗಿ ನಿಂತಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಕೋಣೆಯ ಕಸ ಗುಡಿಸದೆ ಬಾಗಿಲು ಹಾಕಿದಳು. "ಮಿಷನ್ನು ಮೇಲಕ್ಕೆ ತರಿಸ್ತೀವಿ, ಯೋಚ್ನೆ ಮಾಡ್ಬೇಡ" ಎಂದು ಗಂಡಸರು ಒಬ್ಬಿಬ್ಬರು ಹೇಳಿದರು. ಅದು ಸಮಾಧಾನದ ಮಾತು ಎಂದುಕೊಂಡಳು.

ಆಮೇಲಿನ ದಿನಗಳಲ್ಲಿ ಅವಳು ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದು ಕಾಫಿ ಕಾಸಿ ಕುಡಿದು ಮತ್ತೆ ಮಲಗುವಳು. ಮಧ್ಯಾಹ್ನ ಉಂಡು ಮಲಗುವಳು. ಮರುಳಪ್ಪ ಗಾಬರಿಯಾಗಿ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಕಾಲೋನಿಯವರು ಬೀಸಿದ ಹಿಟ್ಟು ಮುಗಿದ ಮೇಲೆ ಬಸ್ಸು ಹತ್ತಿ ಬಿಕ್ಕೋಡಿಗೆ ಹೋಗಿ ಬೀಸಿಸಿಕೊಂಡು ಬರತೊಡಗಿದರು. ಬಸ್ಸು ಸಿಕ್ಕದಿದ್ದ ದಿನ ಗೊಣಗುವರು. ಗೊಣಗಾಟ ಕೇಳಿದಾಗ ಅವಳು ಮಗ್ಗುಲು ಬದಲಿಸುವಳು.

ಶ್ರಾವಣದ ಕೊನೆಗೆ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದು ಮನೆ ಮುಂದೆಯೇ ನಿಂತಿತು. ಹೊರಗೆ ಬಂದು ನೋಡಿದರೆ ಟ್ರೇಲರಿನಲ್ಲಿ ಬೀಸುವ ಕಲ್ಲುಗಳೆರಡೂ, ಮೋಟಾರು, ತಗಡಿನ ಬಾಯಿ, ಮರದ ಚೌಕಟ್ಟು. ನೀರು ಹೊಸಿಲು ಮುಟ್ಟುವ ಮೊದಲೇ ಗಂಡಸರು ಹಾರೆ ಹಾಕಿ ಎಬ್ಬಿಸಿದ್ದರು. ಎಲ್ಲರ ಮೊಣಕಾಲಿನವರೆಗೂ ಕೆಸರು. ಮುಂದೆ ನಿಂತಿದ್ದವನು ಗಿಡ್ಡಯ್ಯ, ಊರಿನ ಯಾವ ಕೆಲಸಕ್ಕೂ ಮೊದಲು ಸೊಂಟ ಕಟ್ಟುವವನು.

"ನೋಡು ತಾಯಿ, ತಂದ್ವೋ ಇಲ್ವೋ! ತ್ರೀ ಫೇಸು ಮುಂದಿನ ವಾರ ಬತ್ತದಂತೆ. ಬಸ್‌ಸ್ಟಾಪ್ ಹತ್ರ ಶೆಡ್ಡು ಎಬ್ಬಿಸ್ತೀವಿ. ನೀನು ಬಂದು ಸ್ವಿಚ್ ಒತ್ತಿದ್ರೆ ಆಯ್ತು."

ಎಲ್ಲರ ಮುಖದಲ್ಲೂ ಸಂತೋಷ. ಅವಳ ಕಣ್ಣಲ್ಲಿ ನೀರು ತುಂಬಿತು. ಸಂತೋಷಕ್ಕೇ ಅಳುತ್ತಿದ್ದಾಳೆ ಎಂದು ಗಿಡ್ಡಯ್ಯ ಪಕ್ಕದವನಿಗೆ ಸನ್ನೆ ಮಾಡಿದ.

"ಗಿಡ್ಡಯ್ಯ," ದ್ರಾಕ್ಷಾಯಣಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ನನ್ ಕೈಲಾಗಲ್ಲ ಕಣಪ್ಪ."

"ಏನು?"

"ಸಾಕಾಗೈತೆ. ನಾನು ಬೀಸಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಶೆಡ್ಡಿಗೆ ತಗಡು ಬೇಡ, ಹೆಂಚೇ ಹಾಕಿಸೋಣ ಎಂದ ಒಬ್ಬ. ಸಹಾಯಕ್ಕೆ ಆಳು ಕೊಡೋಣ ಎಂದ ಇನ್ನೊಬ್ಬ. ಅವಳು ಎಲ್ಲದಕ್ಕೂ ಬೇಡವೆಂದು ತಲೆಯಾಡಿಸಿದಳು. ಒಳಗಿಂದ ಮರುಳಪ್ಪ, "ಬ್ಯಾಡ ಅಂದ್ಲಲ್ಲ, ಬಿಡ್ರಪ್ಪ" ಎಂದು ಕೂಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲೇ ಇಲ್ಲ. ಗಂಡಸರು ಆ ಕೆಮ್ಮು ಕೇಳುತ್ತ ಸ್ವಲ್ಪ ಹೊತ್ತು ನಿಂತು, ಕಲ್ಲುಗಳನ್ನು ಅಂಗಳದಲ್ಲಿ ಇಳಿಸಿ ಹೋದರು. ಗಿಡ್ಡಯ್ಯ ಹೋಗುವಾಗ ಅವಳ ಕಡೆ ನೋಡಲಿಲ್ಲ.

ಎರಡು ದಿನ ಕಳೆದು ಮುದ್ದಮ್ಮ ಸೊಸೆ ಲತಾಮಣಿಯನ್ನು ಕರೆದುಕೊಂಡು ಬಂದಳು. ಮುದ್ದಮ್ಮನ ಮಗ ಧರ್ಮೇಶ್ ಅರಸೀಕೆರೆಯಲ್ಲಿ ನೌಕರಿಯಲ್ಲಿದ್ದು ಭಾನುವಾರ ಬಂದು ಹೋಗುವನು. ಲತಾಮಣಿ ಪಿಯುಸಿ ಓದಿದವಳು. ಮನೆಗೆಲಸ ಮುಗಿದರೆ ಅವಳಿಗೆ ದಿನ ಹೋಗುತ್ತಿರಲಿಲ್ಲ.

"ನೀವು ಬೇಡ ಅಂದ್ರಂತೆ," ಲತಾಮಣಿ ನಿಂತೇ ಕೇಳಿದಳು. "ಬೇರೆಯವರಿಗೆ ಕೊಡೋದಾದ್ರೆ... ನಾನು ನಡೆಸ್ತೀನಿ ಅಮ್ಮ. ಧರ್ಮೇಶ್‌ಗೂ ಹೇಳಿದೀನಿ. ಕಲಿಸಿಕೊಟ್ರೆ ಸಾಕು."

ದ್ರಾಕ್ಷಾಯಣಿ ಮುದ್ದಮ್ಮನ ಮುಖ ನೋಡಿದಳು. ಮುದ್ದಮ್ಮ ನೆಲ ನೋಡುತ್ತಿದ್ದಳು. ಇಬ್ಬರಿಗೂ ನೆನಪಾದದ್ದು ಒಂದೇ ಇರಬೇಕು. ಮಾವ ಇದ್ದ ಕಾಲದಲ್ಲಿ ಕೇರಿಯವರ ರಾಗಿ ಎಲ್ಲರದೂ ಮುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಗಿರಣಿಯ ಬಾಯಿಗೆ ಬೀಳುತ್ತಿತ್ತು. ಮುದ್ದಮ್ಮ ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡು ಬೇಲಿಯ ಹತ್ತಿರ ಕಾಯುತ್ತ ನಿಂತಿರುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ದ್ರಾಕ್ಷಾಯಣಿ ಅದನ್ನು ಕಿಟಕಿಯಿಂದ ನೋಡುತ್ತಿದ್ದಳು. ಮಿಷನ್ನು ತನ್ನ ಕೈಗೆ ಬಂದ ಮೇಲೆ ಬಂದವರ ಸರದಿಯಂತೆ ಬೀಸಿದಳು, ಅಷ್ಟೇ. ಅದನ್ನು ಯಾರ ಹತ್ತಿರವೂ ಮಾತಾಡಿರಲಿಲ್ಲ.

"ಜನ ಏನಂತಾರೋ ಅವ್ವ," ಮುದ್ದಮ್ಮ ಮೆಲ್ಲಗೆ ಹೇಳಿದಳು. "ನಾನು ಬ್ಯಾಡ ಅಂದೆ. ಇವ್ಳು ಕೇಳಲ್ಲ."

"ಹಿಟ್ಟಿನ ದೂಳು ಎದೆಗೆ ಹೋಗ್ತದೆ ಲತಾ. ಮೂಗಿಗೆ ಬಟ್ಟೆ ಕಟ್ಕೋಬೇಕು," ಎಂದಳು ದ್ರಾಕ್ಷಾಯಣಿ. "ನಾಳೆ ಬಾ. ಮೊದಲು ಸವೆದ ಕಲ್ಲಿಗೆ ಉಳಿ ಹಾಕಿ ಹಲ್ಲು ಮಾಡೋದು ತೋರಿಸ್ತೀನಿ."

ಮರುಳಪ್ಪನನ್ನು ಕೇಳಿದ್ದು ಆಮೇಲೆ. ಅವನು, "ಅಪ್ಪ ಇದ್ದಿದ್ರೆ..." ಎಂದ. ಮತ್ತೆ, "ಅಪ್ಪ ಇಲ್ವಲ್ಲ" ಎಂದ.

ಸುದ್ದಿ ಹರಡಿದ ಸಂಜೆಯೇ ಸುವರ್ಣಮ್ಮ ಬಂದಳು.

"ಬ್ಯಾಡ ಅನ್ನಿಸಿದ್ರೆ ಮಾರಿಬಿಡ್ಬೇಕಿತ್ತು ಕಣೇ ದ್ರಾಕ್ಷಿ. ಅವ್ರ ಕೈಯಾಗೆ ಬೀಸಿದ್ ಹಿಟ್ಟಲ್ಲಿ ಮುದ್ದೆ ತಿರುವ್ತೀಯಾ?"

"ಇಷ್ಟು ದಿನ ಕಾಲೋನಿಯಿಂದ ಅವ್ರ ಜೊತೇಲೇ ನಡ್ಕೊಂಡು ಬರ್ತಿದ್ಯಲ್ಲಕ್ಕ."

"ದಾರಿ ಬ್ಯಾರೆ, ಒಲೆ ಬ್ಯಾರೆ."

ವಾದ ಮಾಡುವ ಶಕ್ತಿ ದ್ರಾಕ್ಷಾಯಣಿಗಿರಲಿಲ್ಲ. "ನಂಗೆ ಆಗಲ್ಲ, ಅವ್ಳಿಗಾಗ್ತದೆ. ಇನ್ನೇನೂ ಇಲ್ಲಕ್ಕ," ಎಂದು ಚಾಪೆ ಹಾಸಿಕೊಂಡಳು.

ಶೆಡ್ಡು ಎದ್ದಿತು. ಧರ್ಮೇಶನೇ ರಜ ಹಾಕಿ ಬಂದು ನಿಂತು ಕಟ್ಟಿಸಿದ. ಗೋಡೆಗೆ ಬುದ್ಧನ ಒಂದು ಪಟ ಹಾಕಿದ. ಗಿಡ್ಡಯ್ಯ ಬರಲಿಲ್ಲ. ಮಧುಕುಮಾರ್ ಬಂದು ಲೈನು ಎಳೆದು ಕೊಟ್ಟು ಹೋದ. ಶುರು ಮಾಡಿದ ದಿನ ಕೇರಿಯವರು ಮಾತ್ರ ಬಂದರು. ಅವರದು ಬೇಗ ಮುಗಿದುಹೋಯಿತು. ಲತಾಮಣಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು. ಎದುರಿನ ಬಸ್‌ಸ್ಟಾಪಿನಲ್ಲಿ ಮೇಲಿನ ಬೀದಿಯ ಹೆಂಗಸರು ಕುಕ್ಕೆಗಳನ್ನು ಕೆಳಗಿಟ್ಟುಕೊಂಡು ಬಿಕ್ಕೋಡಿನ ಬಸ್ಸಿಗೆ ಕಾಯುತ್ತಿದ್ದರು. ಮಿಷನ್ನಿನ ಸದ್ದು ಅವರಿಗೆಲ್ಲ ಕೇಳುತ್ತಿತ್ತು.

ದ್ರಾಕ್ಷಾಯಣಿ ಮನೆಯ ರಾಗಿಯನ್ನು ಮೊರದಲ್ಲಿ ಕೇರಿ, ಕುಕ್ಕೆಗೆ ತುಂಬಿ, ತಲೆಗೆ ಸಿಂಬೆಯಿಟ್ಟುಕೊಂಡು ಹೊರಟಳು. ಬಸ್‌ಸ್ಟಾಪಿನ ಮುಂದೆಯೇ ಹಾದುಹೋಗಬೇಕು. ಹೆಂಗಸರೆಲ್ಲ ತಿರುಗಿ ನೋಡಿದರು. ಅವಳಿಗೆ ಧೈರ್ಯ ಮಾಡುತ್ತಿದ್ದೇನೆ ಎನ್ನಿಸಲಿಲ್ಲ. ಕತ್ತು ನೋಯುತ್ತಿತ್ತು, ಬೇಗ ಇಳಿಸಿದರೆ ಸಾಕಾಗಿತ್ತು.

"ಇಳಿಸಿಕೊ ಲತಾ," ಎಂದಳು.

ಲತಾಮಣಿ ಕುಕ್ಕೆಯನ್ನು ಗಿರಣಿಯ ಬಾಯಿಗೆ ಬಗ್ಗಿಸಿದಳು. ರಾಗಿ ಒಂದಷ್ಟು ನೆಲಕ್ಕೆ ಚೆಲ್ಲಿತು. ಹಿಟ್ಟು ತರಿತರಿಯಾಗಿ ಬಂತು. ಕಲ್ಲು ಸ್ವಲ್ಪ ಇಳಿಸಬೇಕು ಎಂದು ದ್ರಾಕ್ಷಾಯಣಿಗೆ ಸದ್ದಿನಲ್ಲೇ ಗೊತ್ತಾಯಿತು. ಎದ್ದು ಹೋಗಿ ತಿರುಪು ಮುಟ್ಟಬೇಕೆಂದು ಕೈ ಹವಣಿಸಿತು. ಏಳಲಿಲ್ಲ. ಬೇರೆಯವರು ಬೀಸುವಾಗ ಕೂತು ನೋಡುವುದು ಅವಳಿಗೆ ಇದೇ ಮೊದಲು. ಗೋಡೆಗೆ ಒರಗಿ ಕಾಲು ಚಾಚಿಕೊಂಡಳು. ಸ್ವಲ್ಪ ಹೊತ್ತಿಗೆ ಲತಾಮಣಿ ತಾನೇ ಕಲ್ಲು ಇಳಿಸಿದಳು.

"ಮನೇಲಿ ಬೈತಾರಾ ಅಮ್ಮ?" ಕುಕ್ಕೆ ಎತ್ತಿಕೊಡುವಾಗ ಕೇಳಿದಳು.

"ತರಿ ಜಾಸ್ತಿಯಾಯ್ತು ಅಂತಾರೆ. ಅನ್ಲಿ."

ಆ ವಾರ ಇನ್ಯಾರೂ ಬರಲಿಲ್ಲ. ಮುಂದಿನ ವಾರ ರಂಗಮ್ಮ ಬಂದಳು, ಬಸ್ಸು ತಪ್ಪಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿಕೊಂಡು. ಆಮೇಲೆ ದಿನಾ ಒಬ್ಬಿಬ್ಬರಿಗೆ ಬಸ್ಸು ತಪ್ಪತೊಡಗಿತು. ಕೆಲವು ಮನೆಯವರು ಮಾತ್ರ ಹಟ ಬಿಡಲಿಲ್ಲ. ಗಿಡ್ಡಯ್ಯನ ಮನೆಯ ರಾಗಿ ಈಗಲೂ ಬಿಕ್ಕೋಡಿಗೇ ಹೋಗುತ್ತದೆ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಸುವರ್ಣಮ್ಮ ಕುಂಟುತ್ತ ಬಂದು ಕುಕ್ಕೆಯನ್ನು ದ್ರಾಕ್ಷಾಯಣಿಯ ಜಗಲಿಯ ಮೇಲಿಟ್ಟಳು. ಮಂಡಿ ನೋವಿನಿಂದ ಬಸ್ಸು ಹತ್ತಲು ಆಗುತ್ತಿರಲಿಲ್ಲ.

"ಬೀಸಿಸ್ಕೊಂಡು ಬಂದ್ಬಿಡೇ. ಎಲ್ಲಿ ಬೀಸಿಸ್ದೆ ಅಂತ ನಂಗೆ ಹೇಳ್ಬೇಡ."

ದ್ರಾಕ್ಷಾಯಣಿ ಕುಕ್ಕೆ ನೋಡಿದಳು. ಅಷ್ಟು ವರ್ಷದ ರೂಢಿಯಂತೆ "ಹೂಂ" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಆಗಲ್ಲಕ್ಕ," ಎಂದಳು. "ನನ್ ಕತ್ತೂ ಹೋಗೈತೆ. ಬೇಕಾದ್ರೆ ಲತಾನೇ ಬಂದು ತಗೊಂಡೋಗ್ತಾಳೆ, ಹೇಳಿಕಳಿಸ್ಲಾ?"

ಸುವರ್ಣಮ್ಮ ಮುಖ ಊದಿಸಿಕೊಂಡು ಹೊರಟುಹೋದಳು. ಕುಕ್ಕೆ ಅಲ್ಲೇ ಇತ್ತು. ಬೇಡ ಎನ್ನಲು ಅವಳು ಹಿಂದಿರುಗಿ ಬರಲಿಲ್ಲ. ಹೇಳಿಕಳಿಸಿದ ಮೇಲೆ ಮಧ್ಯಾಹ್ನ ಲತಾಮಣಿ ಬಂದು ಕುಕ್ಕೆ ಎತ್ತಿಕೊಂಡು ಹೋದಳು. ಸಂಜೆ ಹಿಟ್ಟನ್ನು ಸುವರ್ಣಮ್ಮನ ಮನೆಗೇ ಮುಟ್ಟಿಸಿದಳಂತೆ. ಸುವರ್ಣಮ್ಮ ಬಾಗಿಲಲ್ಲೇ ಇಸಿದುಕೊಂಡಳಂತೆ, ಒಳಗೆ ಬಾ ಎನ್ನಲಿಲ್ಲವಂತೆ. ಇದನ್ನೆಲ್ಲ ಮರುದಿನ ಮುದ್ದಮ್ಮ ಹೇಳಿದಳು. ಹಿಂದಿನ ಸಂಜೆ ದ್ರಾಕ್ಷಾಯಣಿ ನಿದ್ದೆಯಲ್ಲಿದ್ದಳು.