ಬೆಳೆಯುವ ಕಾಲಿನ ಬೂಟು

೧

ಎಲ್ಲಿಂದ ಶುರು ಮಾಡಲಿ? ಹಿಮದಿಂದ ಎಂದರೆ ನಿಮಗೆ ಈಗಲೇ ಚಳಿ ಹಿಡಿಯುತ್ತದೆ. ಗುಂಡಿನ ಸದ್ದಿನಿಂದ ಎಂದರೆ, ಅದನ್ನು ನಾನು ಕೇಳಿಲ್ಲ. ಬೂಟಿನಿಂದ ಶುರು ಮಾಡುತ್ತೇನೆ, ಅದನ್ನಾದರೂ ಅಳೆಯಬಹುದು. (ವಿಜ್ಞಾನ ಓದಿದವನ ಚಾಳಿ, ಸಹಿಸಿಕೊಳ್ಳಿ.)

ಹಳೆಯ ಯುದ್ಧದಲ್ಲಿ ಸತ್ತ ಇಪ್ಪತ್ತರ ಸೈನಿಕ ಅರ್ಧ ಶತಮಾನದ ಮೇಲೆ, ಹಿಮ ಕರಗಿದಾಗ ಸಿಕ್ಕಿದ. ಮೂಳೆಗಳು, ಒಂದೇ ಒಂದು ಬೂಟು. ತಂಗಿಯ ಡಿಎನ್‌ಎ ಮೂಳೆಗಳೊಂದಿಗೆ ತಾಳೆಯಾಯಿತು. ಬೂಟು ಮಾತ್ರ ಆಗಲಿಲ್ಲ.

೨

ಮೊದಲ ಕರಡಿನಲ್ಲಿ ತಂಗಿ ಲ್ಯಾಬಿನ ಮೇಜಿನ ಮುಂದೆ ಕುಸಿದು ಅತ್ತಳು. ಆ ಪುಟ ಹರಿದೆ. ಹರಿಯುವಂತೆ ಮಾಡಿದವಳು ಅವಳೇ.

"ಏನ್ರೀ ಕಥೆಗಾರರೇ, ನಾನ್ಯಾವಾಗ ಅತ್ತೆ? ನಮ್ಮಣ್ಣ ಸಿಕ್ಕಿದಾನೆ. ಇಸ್ತ್ರಿ ಬಟ್ಟೆ ಹಾಕ್ಕೊಂಡು ಹೋಗಿದ್ದೆ, ಅದನ್ನ ಬರೀರಿ."

ಬರೆದೆ. ಅವಳು ಬೂಟಂಗಡಿಯ ಒಡತಿ. ತಲೆ ಪೂರ್ತಿ ನೆರೆತಿದೆ. ಕೈಯಲ್ಲಿದ್ದ ಫೋಟೊ ನೋಡಿ ಲ್ಯಾಬಿನ ಕಾವಲುಗಾರ ಮೊಮ್ಮಗನೇ ಎಂದು ಕೇಳಿದ. "ನನಗಿಂತ ದೊಡ್ಡೋನು" ಎಂದು ಎದೆಯುಬ್ಬಿಸಿ ಒಳಗೆ ನಡೆದಳು.

೩

ಲ್ಯಾಬಿನ ಡಾಕ್ಟರು ನಯವಾಗಿಯೇ ವಿವರಿಸಿದರು: ಪಾದದ ಮೂಳೆಗಿಂತ ಬೂಟು ಒಂದು ಸೈಜ್ ದೊಡ್ಡದು, ಬೇರೆ ಯಾರದೋ ಇರಬೇಕು, ಅವರ ಮನೆಯವರು ಸಿಗುವ ತನಕ ಇಲ್ಲೇ ಇರಲಿ. (ಅವರ ತಪ್ಪಲ್ಲ. ಅವರ ಜಾಗದಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ.)

ಸೇನೆಯಲ್ಲಿ ಬೂಟಿಗೆ ಬರವಿದ್ದ ಕಾಲ ಅದು. ಈ ಜೋಡಿಯನ್ನು ಹೊಲಿದುಕೊಟ್ಟವನು ಅಪ್ಪ. ಇದಿಲ್ಲದೆ ಅಣ್ಣನನ್ನು ಮಣ್ಣಿಗೆ ಕೊಡುವುದೆಂದರೆ ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿದಂತೆ.

"ತುದೀಲಿ ಕೈಹಾಕಿ ನೋಡಿ ಡಾಕ್ಟ್ರೇ. ಉಣ್ಣೆ ತುರುಕಿರ್ತಾರೆ."

ಹಿಮದ ಕೆಸರೆಂದುಕೊಂಡಿದ್ದ ಮುದ್ದೆ ಉಣ್ಣೆಯೇ ಆಗಿತ್ತು.

"ಅಪ್ಪ ಮಕ್ಕಳಿಗೆ ಯಾವತ್ತೂ ಒಂದು ಸೈಜ್ ದೊಡ್ಡದೇ ಹೊಲಿಯೋದು. ಬೆಳೆಯೋ ಕಾಲು ಅಂತ. ಇಪ್ಪತ್ತಾಯ್ತಲ್ಲಪ್ಪಾ, ಇನ್ನೆಲ್ಲಿ ಬೆಳೀಲಿ ಅಂತ ಅಣ್ಣ ನಗ್ತಿದ್ದ. ನಕ್ಕೊಂಡೇ ಹಾಕ್ಕೊಂಡು ಹೋದ."

ಅಷ್ಟು ಹೇಳಿ ತನ್ನ ಕಾಲಿನ ಬೂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಅಪ್ಪ ಕಲಿಸಿದ ಅದೇ ಹೊಲಿಗೆ, ಅದೂ ಒಂದು ಸೈಜ್ ದೊಡ್ಡದು, ಅದರಲ್ಲೂ ಉಣ್ಣೆ. ಡಾಕ್ಟರು ಅವಳ ನೆರೆತ ತಲೆ ನೋಡಿದರು, ಬೂಟು ನೋಡಿದರು, ನಗು ತಡೆಯಲು ಹೋಗಿ ಸೋತರು. ಅಣ್ಣನ ಬೂಟು ಮೂಳೆಗಳ ಪಕ್ಕಕ್ಕೆ ಬಂತು.

೪ (ಹೊಡೆದುಹಾಕಿದ್ದೇನೆ. ಬೂಟಿನ ಬಗ್ಗೆ ಹಿಮ ಏನೆಂದುಕೊಂಡಿತು ಎಂದೆಲ್ಲ ಬರೆದಿದ್ದೆ. ಸದ್ಯ, ನೀವು ಬಚಾವ್.)

೫

ಹಿಮದಲ್ಲೇ ಉಳಿದ ಇನ್ನೊಂದು ಬೂಟಿನ ಬದಲಿಗೆ ಹೊಸದೊಂದನ್ನು ಅವಳೀಗ ಅಂಗಡಿಯಲ್ಲಿ ಕೂತು ಹೊಲಿಯುತ್ತಿದ್ದಾಳೆ. ನಾಳೆ ಅಣ್ಣ ಊರಿಗೆ ಬರುತ್ತಾನೆ.

ಮುಕ್ತಾಯ ಒಂದು: ಮೂಳೆಯ ಅಳತೆಗೆ ಸರಿಯಾಗಿ ಹೊಲಿಯುತ್ತಾಳೆ, ಸತ್ತವರು ಬೆಳೆಯುವುದಿಲ್ಲ. ನನಗೆ ಬಲು ಇಷ್ಟವಾದದ್ದು. ಓದಿ ಹೇಳಿದೆ.

"ನಿಮ್ಮನೇಲಿ ಯಾರೂ ಬೂಟು ಹೊಲಿಯಲ್ಲ ಅಲ್ವಾ?" ಎಂದಳು.

ಮುಕ್ತಾಯ ಎರಡು: ಧ್ವಜ, ಬ್ಯಾಂಡು, ಊರಿಗೆ ಊರೇ ಬೀದಿಯಲ್ಲಿ. ಇದರಲ್ಲಿ ಬ್ಯಾಂಡನ್ನು ಒಪ್ಪಿದಳು. ಜೋರಾಗಿ ಬಾರಿಸಲಿ ಎಂದಳು.

ಮೂರನೆಯದನ್ನು ನಾನು ಬರೆದಿಲ್ಲ, ನೋಡಿದೆ. ಪಕ್ಕದಂಗಡಿಯವನು ಬಂದು ಯಾರದು, ಅಳತೆ ಚೀಟಿಗಿಂತ ಒಂದು ಸೈಜ್ ದೊಡ್ಡದಾಯಿತಲ್ಲ ಎಂದ. ದಾರಕ್ಕೆ ಮೇಣ ಉಜ್ಜುತ್ತಿದ್ದವಳು ತಲೆ ಎತ್ತಿ ಬೀದಿಗೇ ಕೇಳುವ ಹಾಗೆ ಹೇಳಿದಳು: "ನಮ್ಮಣ್ಣಂದು. ಬೆಳೆಯೋ ಹುಡುಗ."

ನಾನು ಪೂರ್ಣವಿರಾಮಕ್ಕೆ ಪೆನ್ನು ಊರಿದೆ. ಅವಳು ಕೈ ಅಡ್ಡ ಹಿಡಿದಳು.

"ತುದೀಲಿ ಸ್ವಲ್ಪ ಜಾಗ ಬಿಡಿ, ಕಥೆಗಾರರೇ"