ಕ್ಲಾರಿನೆಟ್ ಒತ್ತಿದರೆ ಡೋಲು

ಗಂಗಾನಗರದ ನೂರೀನ್‌ಳ ಅಬ್ಬಾ, ಅಂದರೆ ತಂದೆ, ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ನುಡಿಕೆ ಉಳಿದದ್ದು ಆ ಬ್ಯಾಂಡಿನ ಒಂದು ಹಳೆಯ ವೆಬ್‌ಸೈಟಿನಲ್ಲಿ ಮಾತ್ರ. ಅಲ್ಲಿ ಯಾವ ವಾದ್ಯದ ಚಿತ್ರ ಒತ್ತಿದರೆ ಅದೊಂದೇ ಕೇಳಿಸುತ್ತಿತ್ತು. ಈಗ ‘ಪ್ಲಗಿನ್ ಹಾಕಿಕೊಳ್ಳಿ’ ಎಂದಷ್ಟೇ ಬರುತ್ತಿತ್ತು. ಅಂಥ ಸಹಾಯಕ ತಂತ್ರಾಂಶ ಒಂದನ್ನು ಹಾಕಿದರೆ ಜಾಹೀರಾತುಗಳು ತುಂಬಿಕೊಂಡವು, ಇನ್ನೊಂದನ್ನು ಹಾಕಿದರೆ ಪರದೆಯೇ ಕಪ್ಪಾಯಿತು. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ತಿಳಿಯದೆ ಪಕ್ಕದ ಮನೆಯ ಯಶೋಧಾಳನ್ನು ಕರೆದಳು.

“ಆ ಹಳೇ ಪ್ಲಗಿನ್ ನಿಂತೋಗಿದೆ ಕಣೇ. ಬದಲಿಗೆ ಇದೊಂದಿದೆ, ಹಾಕ್ನೋಡೋಣ,” ಎಂದಳು ಯಶೋಧಾ.

ಪುಟ ತೆರೆಯಿತು. ನೂರೀನ್ ಕ್ಲಾರಿನೆಟ್ ಒತ್ತಿದಳು, ಡೋಲು ಕೇಳಿಸಿತು. ಡೋಲು ಒತ್ತಿದಳು, ತುತ್ತೂರಿ ಕೂಗಿತು.

“ಎಲ್ಲಾ ಅದಲುಬದಲಾಗಿದ್ಯಲ್ಲೇ,” ಎಂದಳು ಯಶೋಧಾ.

ನೂರೀನ್ ತುತ್ತೂರಿ ಒತ್ತಿದಳು. ಕ್ಲಾರಿನೆಟ್ ಬಂತು, ನಡುವೆ ಉಸಿರೆಳೆದುಕೊಂಡ ಸದ್ದೂ.

“ಅಬ್ಬಾನೇ,” ಎಂದು ಅವಳು ಅಲ್ಲೇ ಕುಳಿತಳು.